ತಲೆ ಎಣಿಸಿ ಸಭೆ ಮುಚ್ಚಬೇಡಿ: ಬಿಷಪ್ ಅವರಿಗೊಂದು ಬಹಿರಂಗ ಪತ್ರ

ಪೂಜ್ಯ ಬಿಷಪ್ ಅವರಿಗೆ ಹಾಗೂ ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರಿಗೆ,

ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ನಲವತ್ತು ಕುಟುಂಬಗಳಿಗಿಂತ ಕಡಿಮೆ ಇರುವ ಸಭೆಗಳನ್ನು, ಅಂದರೆ ಚರ್ಚ್‌ಗಳನ್ನು, ಹತ್ತಿರದ ಪಟ್ಟಣದ ಸಭೆಗೆ ಸೇರಿಸಬೇಕು ಎಂಬ ತಮ್ಮ ಸುತ್ತೋಲೆಯನ್ನು ಓದಿದೆ. ನಮ್ಮೂರಿನ ಸಭಾ ಹಿರಿಯರು ಅದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಕೆಳಗೆ ಒಂದೇ ಸಾಲು: "ನೋಡಮ್ಮ, ನಮ್ಮದೂ ಲಿಸ್ಟಿನಲ್ಲಿದೆ." ಅವರು ಇದಕ್ಕೆ ಮುಂಚೆ ತಮಗೆ ಎರಡು ಮನವಿ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ತಮ್ಮ ಆಡಳಿತಕ್ಕೆ ಸೇರಿದ ಧರ್ಮಪ್ರಾಂತ್ಯದ, ಅಂದರೆ ಡಯಾಸಿಸ್‌ನ, ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ತಲುಪಬೇಕಾದವರಿಗೆ ಇದು ತಮಗೇ ಬರೆದದ್ದು ಎಂದು ಗೊತ್ತಾಗುತ್ತದೆ. ಊರಿನ ಮರ್ಯಾದೆ ಬೀದಿಗೆ ತರುವುದು ನನ್ನ ಉದ್ದೇಶವೂ ಅಲ್ಲ.

ನಾನು ಬಯಲುಸೀಮೆಯ ಹಳ್ಳಿಯವಳು. ನನ್ನ ದೀಕ್ಷಾಸ್ನಾನ ಆದದ್ದು, ದೃಢೀಕರಣದ ಪಾಠ ಕಲಿತದ್ದು ಆ ಸಣ್ಣ ಸಭೆಯಲ್ಲೇ. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ ಇಲ್ಲಿನ ದೊಡ್ಡದೊಂದು ಕನ್ನಡ ಸಭೆಯ ಸದಸ್ಯೆಯಾದೆ. ಭಾನುವಾರ ಎರಡು ಆರಾಧನೆ ನಡೆಯುತ್ತದೆ. ಕ್ರಿಸ್ಮಸ್ ದಿನ ಬೇಗ ಹೋಗದಿದ್ದರೆ ನಿಲ್ಲಲೂ ಜಾಗ ಇರುವುದಿಲ್ಲ. ಎರಡೂ ಮನೆಯ ಅನ್ನ ಉಂಡವಳು ನಾನು. ಆದ್ದರಿಂದ ದೊಡ್ಡ ಸಭೆಗಳ ಮೇಲಿನ ಹೊಟ್ಟೆಕಿಚ್ಚಿಗೆ ಬರೆಯುತ್ತಿದ್ದಾಳೆ ಎಂದು ದಯವಿಟ್ಟು ತಿಳಿಯಬೇಡಿ. ಇನ್ನೊಂದು ಮಾತು. ಲೆಕ್ಕಪತ್ರ ನೋಡುವುದು ನನ್ನ ಹೊಟ್ಟೆಪಾಡು. ಸುತ್ತೋಲೆಯ ಲೆಕ್ಕದಲ್ಲಿ ಎಡವಟ್ಟಿದೆ ಎಂದು ನನಗೆ ಅನ್ನಿಸಿರುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಸುತ್ತೋಲೆ ಮೂರು ಕಾರಣ ಕೊಡುತ್ತದೆ. ಸಭಾಪಾಲಕರು, ಅಂದರೆ ಪಾದ್ರಿಗಳು, ಸಾಲುತ್ತಿಲ್ಲ. ಪ್ರತಿ ಸಭೆ ಡಯಾಸಿಸ್‌ಗೆ ಕಟ್ಟಬೇಕಾದ ಅಸೆಸ್‌ಮೆಂಟ್ ಹಣವನ್ನು ಸಣ್ಣ ಸಭೆಗಳು ಪೂರ್ತಿ ಕಟ್ಟುತ್ತಿಲ್ಲ. ಪಟ್ಟಣದಲ್ಲಿ "ಉತ್ತಮ ಗುಣಮಟ್ಟದ ಆರಾಧನೆ" ಸಿಗುತ್ತದೆ. ಮೊದಲನೆಯದು ನಿಜವಾದ ಕಷ್ಟ, ಒಪ್ಪುತ್ತೇನೆ. ಎರಡನೆಯದು ಅರ್ಧ ನಿಜ. ಮೂರನೆಯದನ್ನು ಬರೆದವರು ಯಾರೋ ಗೊತ್ತಿಲ್ಲ. ಹಳ್ಳಿಯ ಆರಾಧನೆಯಲ್ಲಿ ಅವರು ಯಾವತ್ತಾದರೂ ಕೂತಿದ್ದಾರಾ ಎಂಬುದೇ ನನ್ನ ಅನುಮಾನ.

ಈ ಯೋಜನೆ ನಮ್ಮ ಸಭೆಯ ಮಟ್ಟಿಗೆ ಕಾಗದದಲ್ಲಿ ಮಾತ್ರ ಉಳಿದಿಲ್ಲ. ಪ್ರಯೋಗ ಎಂದು ಹೇಳಿ ಕಳೆದ ವರ್ಷವೇ ನಮ್ಮನ್ನು ಪಟ್ಟಣದ ಸಭೆಗೆ ಸೇರಿಸಿದರು. ಹಳ್ಳಿಯ ದೇವಾಲಯದಲ್ಲಿ, ಅಂದರೆ ಚರ್ಚ್ ಕಟ್ಟಡದಲ್ಲಿ, ತಿಂಗಳಿಗೊಂದು ಆರಾಧನೆ, ಉಳಿದ ಭಾನುವಾರ ಎಲ್ಲರೂ ಪಟ್ಟಣಕ್ಕೆ ಹೋಗಬೇಕು ಎಂದಾಯಿತು. ಹೋದವರು ಯಾರು? ಬೈಕ್ ಇದ್ದವರು. ಭಾನುವಾರ ಬೆಳಗ್ಗೆ ನಮ್ಮೂರಿಗೆ ಬರುವುದು ಒಂದೇ ಬಸ್ಸು, ಅದೂ ಬಂದರೆ ಬಂತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ಬಸ್ಸೇ ಬಾರದಿದ್ದರೆ ಟಿಕೆಟ್ ಇದ್ದರೇನು, ಇಲ್ಲದಿದ್ದರೇನು? ಮಂಡಿ ನೋವಿನ ಅಜ್ಜಿಯರು, ಎಮ್ಮೆ ಕಟ್ಟಿದವರು, ಭಾನುವಾರವೂ ಕೂಲಿಗೆ ಹೋಗಿ ಸಂಜೆ ಪ್ರಾರ್ಥನೆಗೆ ಬರುತ್ತಿದ್ದವರು, ಎಲ್ಲರೂ ಒಬ್ಬೊಬ್ಬರಾಗಿ ನಿಂತುಬಿಟ್ಟರು. ಪಟ್ಟಣದ ಸಭೆಯ ಹಾಜರಿಯೂ ಏರಲಿಲ್ಲ. ಹಳ್ಳಿಯವರು ಅಲ್ಲಿ ಸೇರಿದ್ದಾರೆ ಎಂದು ರಿಜಿಸ್ಟರ್ ಹೇಳುತ್ತದೆ, ಅಷ್ಟೇ.

ಆ ರಿಜಿಸ್ಟರಿನ ಕಥೆಯನ್ನು ತಾವು ಕೇಳಲೇಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಸಭೆಯ ಅಜ್ಜಿಯೊಬ್ಬರು ರಾತ್ರಿ ತೀರಿಕೊಂಡರು. ನಾನು ಆಗ ಊರಲ್ಲೇ ಇದ್ದೆ. ನನಗೆ ಬುದ್ಧಿ ಬಂದಾಗಿನಿಂದ ದೇವಾಲಯದ ಬೀಗ ತೆಗೆಯುತ್ತಿದ್ದವರು, ಕಸ ಗುಡಿಸುತ್ತಿದ್ದವರು, ಗಂಟೆ ಹೊಡೆಯುತ್ತಿದ್ದವರು ಅವರೇ. ಮೊದಲಾಗಿದ್ದರೆ ಸಭಾ ಹಿರಿಯರು ರಿಜಿಸ್ಟರ್ ತೆಗೆದು ಹೆಸರು ಬರೆದುಕೊಂಡು, ಬೆಳಗಾಗುವಷ್ಟರಲ್ಲಿ ಎಲ್ಲ ಸಿದ್ಧ ಮಾಡಿಸುತ್ತಿದ್ದರು. ಈಗ ರಿಜಿಸ್ಟರ್ ಪಟ್ಟಣದಲ್ಲಿದೆ. ಮಣ್ಣು ಮಾಡಲು ಒಪ್ಪಿಗೆ ಚೀಟಿ ಅಲ್ಲಿಂದಲೇ ಬರಬೇಕು. ಆಫೀಸ್ ತೆಗೆಯುವುದು ಹತ್ತು ಗಂಟೆಗೆ. ಸಭಾಪಾಲಕರಾದ ಅಯ್ಯನವರು ಅವತ್ತು ಬೇರೆ ಊರಲ್ಲಿ ಮದುವೆ ಮಾಡಿಸುತ್ತಿದ್ದರು, ಅವರದೇನೂ ತಪ್ಪಿಲ್ಲ. ಫೋನಿನಲ್ಲಿ ಗುಮಾಸ್ತರು ಕೇಳಿದ್ದು, "ಅವರ ಮೆಂಬರ್‌ಶಿಪ್ ನಂಬರ್ ಎಷ್ಟು?" ಅಜ್ಜಿಗೆ ನಂಬರ್ ಇದ್ದದ್ದು ರೇಷನ್ ಕಾರ್ಡಿನಲ್ಲಿ ಮಾತ್ರ. ದೇಹ ಸಂಜೆಯವರೆಗೆ ಪಡಸಾಲೆಯಲ್ಲೇ ಇತ್ತು. ಪಕ್ಕದ ಓಣಿಯ ಲಿಂಗಾಯತರ ಹುಡುಗರು, ಸಾಬರ ಹುಡುಗರು ಸೇರಿ ಬೆಳಗ್ಗೆಯೇ ಗುಂಡಿ ತೋಡಿಟ್ಟಿದ್ದರು. ಮಳೆ ಬಂದು ಅದು ತುಂಬಿತು. ಬಕೆಟ್ಟಿನಲ್ಲಿ ನೀರು ಎತ್ತಿ ಹಾಕಿದರು, ಮತ್ತೆ ತುಂಬಿತು, ಮತ್ತೆ ಎತ್ತಿದರು. ಚೀಟಿ ಬಂದಾಗ ಐದು ಗಂಟೆ ದಾಟಿತ್ತು.

ಇದು ಯಾರೋ ಒಬ್ಬರ ದುಷ್ಟತನವಲ್ಲ. ಒಂದು ಪುಸ್ತಕವನ್ನು ಒಂದೂರಿಂದ ಇನ್ನೊಂದೂರಿಗೆ ಸಾಗಿಸಿದ ಪರಿಣಾಮ ಅಷ್ಟೇ. ಸುತ್ತೋಲೆಯಲ್ಲಿ ಆ ಸಾಗಾಟಕ್ಕೆ "ಆಡಳಿತ ಸರಳೀಕರಣ" ಎಂದು ಹೆಸರಿಟ್ಟಿದ್ದೀರಿ.

ಸುಗ್ಗಿ ಹಬ್ಬದಲ್ಲೂ ಇದೇ ಆಯಿತು. ನಮ್ಮಲ್ಲಿ ದೇವರಿಗೆ ತಂದುಕೊಟ್ಟದ್ದರ ಹರಾಜು ಎಂದರೆ ದೇವಾಲಯದ ಮುಂದಿನ ಬೇವಿನ ಮರದ ಕೆಳಗೆ. ಜೋಳ, ಬದನೆಕಾಯಿ, ಕಾಲು ಕಟ್ಟಿದ ಕೋಳಿ. ಒಬ್ಬರು ಕೂಗಿ ಕೊಂಡದ್ದನ್ನು ಮತ್ತೆ ದೇವರಿಗೇ ಕೊಟ್ಟು, ಇನ್ನೊಬ್ಬರು ಅದನ್ನೇ ಜಾಸ್ತಿ ಬೆಲೆಗೆ ಕೊಳ್ಳುತ್ತಿದ್ದರು. ಒಂದು ಮೊಟ್ಟೆಗೆ ನೂರಾರು ರೂಪಾಯಿ ಬರುತ್ತಿತ್ತು. ಪಟ್ಟಣದ ಸಭೆಯಲ್ಲಿ ಹಬ್ಬ ಅಚ್ಚುಕಟ್ಟಾಗಿಯೇ ನಡೆಯಿತು. ಕೂಪನ್, ಊಟದ ಸ್ಟಾಲ್, ಫೋನ್‌ಪೇ ಬೋರ್ಡು. ನಮ್ಮೂರ ಹೆಂಗಸರು ಹೊತ್ತು ತಂದ ಜೋಳದ ಬುಟ್ಟಿ ನೋಡಿ ಅಲ್ಲಿನವರು ಮರ್ಯಾದೆಯಿಂದಲೇ ಹೇಳಿದರು: "ಮುಂದಿನ ಸಲ ದುಡ್ಡಿನ ರೂಪದಲ್ಲಿ ಕೊಟ್ಟರೆ ಅನುಕೂಲ ಆಗುತ್ತೆ." ಮುಂದಿನ ಸಲ ಅವರು ಬರಲಿಲ್ಲ.

ಇಷ್ಟು ಹೇಳಿದ ಮೇಲೆ ದೊಡ್ಡ ಸಭೆಯ ಪರವಾಗಿಯೂ ನಾಲ್ಕು ಮಾತು ಹೇಳಬೇಕು. ನಮ್ಮ ಹಳ್ಳಿಯ ಕೆಲವರು ದೊಡ್ಡ ಸಭೆ ಎಂದರೆ ಬರೀ ಒಣ ಜಂಬ ಎಂದು ಆಡಿಕೊಳ್ಳುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಬೆಂಗಳೂರಿಗೆ ಬಂದ ಹೊಸತರಲ್ಲಿ ಪಿಜಿ ಹುಡುಕಿಕೊಟ್ಟದ್ದು ಇಲ್ಲಿನ ಸಭೆಯ ಮಹಿಳಾ ಕೂಟದವರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ರೇಷನ್ ಹಂಚುವಷ್ಟು ಹಣ, ಗಾಡಿ, ಜನ ಇದ್ದದ್ದು ಈ ಸಭೆಯಲ್ಲೇ. ಆಗ ಇಲ್ಲಿಂದ ಯೂಟ್ಯೂಬ್‌ನಲ್ಲಿ ಬರುತ್ತಿದ್ದ ಆರಾಧನೆಯನ್ನು ನಮ್ಮೂರಿನವರೂ ಒಂದು ಮೊಬೈಲಿನ ಸುತ್ತ ಕೂತು ನೋಡಿದರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇದೆ. ಜನ ಇವತ್ತಿಗೂ ಅದನ್ನು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1906ರಲ್ಲಿ ಹೆಂಗಸರು, ಮಕ್ಕಳಿಗೆಂದು ಶುರುವಾದ ಅಂಥ ಸಂಸ್ಥೆಯನ್ನು ಮೂವತ್ತು ಮನೆಯ ಸಭೆ ಕಟ್ಟಲಾರದು.

ಇನ್ನೊಂದು ಉಪಕಾರವೂ ದೊಡ್ಡ ಸಭೆಯಿಂದ ಆಗುತ್ತದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಎದ್ದು ಬರಬಹುದು. ಗಂಡನ ಮನೆ ಬಿಟ್ಟು ಬಂದವಳು, ಕುಡಿತ ಬಿಡಲು ಒದ್ದಾಡುತ್ತಿರುವವನು, ನಂಬಿಕೆಯೇ ಅಲುಗಾಡಿದವನು ನಮ್ಮೂರಿನಂಥ ಸಭೆಗೆ ಕಾಲಿಟ್ಟರೆ ಅಯ್ಯನವರ ಪ್ರಸಂಗ ಮುಗಿಯುವ ಮುಂಚೆ ಎಲ್ಲರಿಗೂ ವಿಷಯ ಗೊತ್ತು. ಸಣ್ಣ ಸಭೆಯ ಪ್ರೀತಿಗೆ ಉದ್ದ ಕಿವಿ ಇರುತ್ತದೆ. ಒಂದೆರಡು ಮನೆತನದವರೇ ತಲೆತಲಾಂತರದಿಂದ ಹಿರಿಯರಾಗಿ ಕೂರುವುದೂ ಉಂಟು. ಅಂಥ ಕಡೆ ಉಸಿರುಗಟ್ಟಿದವರಿಗೆ ದೊಡ್ಡ ಸಭೆಯೇ ಗಾಳಿ.

ಆದರೆ ಅದೇ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಒಂದು ಕುಟುಂಬ ಯಾವಾಗ ಬರುವುದು ನಿಲ್ಲಿಸಿತೋ ನನಗೆ ಗೊತ್ತೇ ಆಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ನಮ್ಮೂರಲ್ಲಿ ಒಂದು ಭಾನುವಾರ ತಪ್ಪಿಸಿದರೆ ಸಂಜೆಯೊಳಗೆ ಯಾರಾದರೂ ಬಾಗಿಲಲ್ಲಿ ನಿಂತು, "ಏನ್ ಹುಷಾರಿಲ್ವಾ?" ಎಂದು ಕೇಳುತ್ತಾರೆ. ಹತ್ತು ವರ್ಷದ ಹುಡುಗಿಗೆ ಅಲ್ಲಿ ಬೈಬಲ್ಲಿನ ವೇದಪಾಠ ಓದುವ ಸರದಿ ಬರುತ್ತದೆ, ಯಾಕೆಂದರೆ ಓದುವವರು ಬೇರೆ ಯಾರೂ ಇಲ್ಲ. ತಪ್ಪು ಓದಿದರೂ ಪರವಾಗಿಲ್ಲ. ಬೆಂಗಳೂರಿನ ನಮ್ಮ ಸಭೆಯಲ್ಲಿ ಹಾರ್ಮೋನಿಯಂ ನುಡಿಸುವವರು, ಸಂಡೇ ಸ್ಕೂಲ್ ನಡೆಸುವವರು, ಕಾಣಿಕೆ ಎಣಿಸುವವರು ಎಲ್ಲಿಯವರು ಎಂದು ವಿಚಾರಿಸಿ ನೋಡಿ. ಬಹಳಷ್ಟು ಜನ ಇಂಥ ಹಳ್ಳಿ ಸಭೆಗಳಲ್ಲಿ ತಪ್ಪು ಓದಿ ಓದಿಯೇ ಕಲಿತವರು.

ಸುತ್ತೋಲೆಯ ಲೆಕ್ಕ ಎಡವಿರುವುದು ಇಲ್ಲಿಯೇ. ಮೆಣಸಿನ ಸಸಿ ಕಿತ್ತು ಹೊಲಕ್ಕೆ ನಾಟಿ ಮಾಡಿದ ಮೇಲೆ ಸಸಿಮಡಿ ಬೋಳಾಗಿ ಕಾಣುತ್ತದೆ. ಅದನ್ನು ನೋಡಿ ಈ ಮಡಿಯಲ್ಲಿ ಏನೂ ಬೆಳೆಯಲಿಲ್ಲ ಎಂದು ಯಾವ ರೈತನೂ ಹೇಳುವುದಿಲ್ಲ. ನಮ್ಮ ಸಭೆಯಲ್ಲಿ ದೀಕ್ಷಾಸ್ನಾನ ಪಡೆದು ಬೆಂಗಳೂರು, ಹುಬ್ಬಳ್ಳಿ, ಗೋವಾ, ಮಂಗಳೂರು ಸೇರಿದವರ ಹೆಸರುಗಳು ಹಳೆಯ ರಿಜಿಸ್ಟರಿನಲ್ಲಿವೆ. ಹೋದವರೆಲ್ಲ ಅಲ್ಲಿನ ದೊಡ್ಡ ಸಭೆಗಳಲ್ಲಿ ಕಾಣಿಕೆ ಹಾಕುತ್ತಾರೆ, ಅಲ್ಲಿನ ಅಸೆಸ್‌ಮೆಂಟ್ ಏರುತ್ತದೆ. ಬೆಳೆಸಿ ಕಳಿಸಿದ ಸಭೆಗೆ ನಷ್ಟ, ಬೆಳೆದವರನ್ನು ಪಡೆದ ಸಭೆಗೆ ಲಾಭ ಎಂದು ಬರೆಯುವ ಲೆಕ್ಕದ ಪುಸ್ತಕ ಅದೆಂಥದ್ದು? ನಮ್ಮ ಆಫೀಸಿನಲ್ಲಿ ಯಾರಾದರೂ ಹೀಗೆ ಬರೆದರೆ ನಾನು ವಾಪಸ್ ಕಳಿಸುತ್ತೇನೆ.

ಸಂಖ್ಯೆಯೇ ಅಳತೆ ಎಂದಾದರೆ ಒಂದು ಹೆಜ್ಜೆ ಮುಂದೆ ಹೋಗಿ ನೋಡೋಣ. 2011ರ ಜನಗಣತಿ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇಕಡಾ 1.87. ನೂರಕ್ಕೆ ಇಬ್ಬರೂ ಇಲ್ಲ. ಕಥೋಲಿಕರು, ಪ್ರೊಟೆಸ್ಟೆಂಟರು, ಪೆಂತೆಕೋಸ್ತರು ಎಲ್ಲರೂ ಸೇರಿ ಇಷ್ಟು. ಈ ನಾಡಿನಲ್ಲಿ ನಮ್ಮ ಅತಿ ದೊಡ್ಡ ಸಭೆಯೂ ಸಣ್ಣದೇ. ಕಡಿಮೆ ಇರುವವರು ಜಾಸ್ತಿ ಇರುವವರಲ್ಲಿ ಕರಗಿಹೋಗಲಿ ಎಂಬ ಮಾತನ್ನು ನಾಳೆ ಬೇರೆ ಯಾರಾದರೂ ನಮ್ಮೆಲ್ಲರಿಗೂ ಹೇಳಿದರೆ, ತಾವು ಯಾವ ಉತ್ತರ ಕೊಡುತ್ತೀರಿ? ಅದೇ ಉತ್ತರವನ್ನು ನಮ್ಮೂರಿನ ಸಭೆಯ ಪರವಾಗಿ ಇವತ್ತೇ ಕೊಡಿ.

ವೇದವಾಕ್ಯವನ್ನು ತಮಗೆ ನಾನು ಹೇಳಿಕೊಡುವುದು ಅಧಿಕಪ್ರಸಂಗ. ಆದರೂ ಸುತ್ತೋಲೆಯಲ್ಲಿ ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯದ, ಪಂಚಾಶತ್ತಮ ದಿನ ಸಭೆಗೆ ಸೇರಿದ ಮೂರು ಸಾವಿರ ಜನರ ಪ್ರಸ್ತಾಪ ಇರುವುದರಿಂದ ಹೇಳುತ್ತೇನೆ. ಆ ಮೂರು ಸಾವಿರ ಜನ ಯೆರೂಸಲೇಮಿನ ದೇವಾಲಯದಲ್ಲೂ ಕೂಡುತ್ತಿದ್ದರು, ಮನೆಮನೆಗಳಲ್ಲಿ ರೊಟ್ಟಿಯನ್ನೂ ಮುರಿಯುತ್ತಿದ್ದರು ಎಂದು ಅದೇ ಅಧ್ಯಾಯದ ಕೊನೆಯಲ್ಲಿದೆ. ಪ್ರಿಸ್ಕ, ಅಕ್ವಿಲ ದಂಪತಿಯ ಮನೆಯಲ್ಲಿ ಕೂಡುತ್ತಿದ್ದ ಸಭೆಗೆ ಪೌಲನು ವಂದನೆ ಹೇಳಿ ಕಳಿಸುತ್ತಾನೆ. ಅವರು ಎಷ್ಟು ಕುಟುಂಬ ಎಂದು ಕೇಳುವುದಿಲ್ಲ. ಯೆರೂಸಲೇಮಿನ ಬಡವರಿಗೆ ಸಹಾಯ ಬೇಕಾದಾಗ ಕಡುಬಡತನದಲ್ಲಿದ್ದ ಮಕೆದೋನ್ಯದ ಸಭೆಗಳು ಶಕ್ತಿ ಮೀರಿ ಕೊಟ್ಟವು. ತಾಯಿಸಭೆಗೆ ದೂರದ ಬಡ ಸಭೆಗಳು ಆಸರೆಯಾದವು. ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಏಳು ಸಭೆಗಳಲ್ಲಿ ಗದರಿಕೆ ಇಲ್ಲದೆ ಪತ್ರ ಪಡೆದದ್ದು ಎರಡೇ. ಬಡತನದ ಸ್ಮುರ್ನ ಮತ್ತು ಬಲ ಕಡಿಮೆ ಇದ್ದ ಫಿಲದೆಲ್ಫಿಯ. ತಾನು ಐಶ್ವರ್ಯವಂತ, ತನಗೇನೂ ಕೊರತೆಯಿಲ್ಲ ಎಂದುಕೊಂಡಿದ್ದ ಲವೊದಿಕೀಯಕ್ಕೆ ಎಂಥ ಗದರಿಕೆ ಬರೆದುಹೋಯಿತು ಎಂಬುದು ತಮಗೇ ಗೊತ್ತು.

ನಮ್ಮ ನಾಡಿನ ಕಥೆಯೂ ಬೇರೆಯಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮಿಷನರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಧಾರವಾಡ 1837, ಹುಬ್ಬಳ್ಳಿ 1839, ಬೆಟಗೇರಿ 1841. ಎಲ್ಲ ಕಡೆಯೂ ಮೊದಲು ಸೇರಿದವರು ಬೆರಳೆಣಿಕೆಯ ಜನ. ಸೇರಿದವರಲ್ಲಿ ಎಷ್ಟೋ ಮಂದಿ ಜಾತಿಯನ್ನೂ ಕಸುಬನ್ನೂ ಕಳೆದುಕೊಂಡರು. ಅಂಥವರಿಗೆ ಅನ್ನದ ದಾರಿಯಾಗಲಿ ಎಂದು ನೇಯ್ಗೆ ಬಂತು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯೂ ಬಂತು. 1843ರಲ್ಲಿ ಮೊಗ್ಲಿಂಗ್ ಅವರು "ಮಂಗಳೂರ ಸಮಾಚಾರ" ಹೊರಡಿಸಿದಾಗ ಆ ಮಿಷನ್ನಿಗೆ ಕರಾವಳಿಯಲ್ಲಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ ಎಂದು ನಾಡೇ ಇವತ್ತು ಹೆಮ್ಮೆ ಪಡುವುದು ಅದರ ಬಗ್ಗೆ. ಅವತ್ತು ಬಾಸೆಲ್‌ನಲ್ಲಿ ಕೂತ ಕಮಿಟಿ ನಲವತ್ತು ಕುಟುಂಬದ ನಿಯಮ ಹಾಕಿದ್ದರೆ? ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ವಾಪಸ್ ಕಳಿಸಿತು. ಆಮೇಲೂ ಸಭೆಗಳು ಉಳಿದವು. ಉಳಿಸಿದವರು ಊರಿನ ಉಪದೇಶಿಗಳು, ಹಿರಿಯರು, ಪ್ರಾರ್ಥನೆ ಬಿಡದ ಹೆಂಗಸರು.

ಬರೀ ಹಳೆಯ ಕಥೆ ಹೇಳುತ್ತಾಳೆ ಎನ್ನಬೇಡಿ. ಸುತ್ತೋಲೆಯಲ್ಲಿ ಕೊರಿಯಾದ ಬೃಹತ್ ಸಭೆಗಳ ಮಾದರಿಯನ್ನು ಹೊಗಳಿದ್ದೀರಿ. ಸಿಯೋಲ್‌ನ ಯೊಯಿಡೊ ಸಭೆ 1958ರಲ್ಲಿ ಒಂದು ಡೇರೆಯಲ್ಲಿ ಕೆಲವೇ ಜನರಿಂದ ಶುರುವಾಯಿತು. ಲಕ್ಷಾಂತರ ಜನರ ಸಭೆಯಾಗಿ ಬೆಳೆಯಿತು. ಆದರೆ ಬೆಳೆದದ್ದು ಹೇಗೆ? ಊರ ತುಂಬ ಮನೆಗಳಲ್ಲಿ ಕೂಡುವ ಸಣ್ಣ ಗುಂಪುಗಳಿಂದ. ಆ ಗುಂಪುಗಳನ್ನು ನಡೆಸಿದವರು ಹೆಚ್ಚಾಗಿ ಹೆಂಗಸರು. ಅಷ್ಟು ದೊಡ್ಡ ಸಭೆಗೂ ಒಳಗೊಳಗೆ ಸಣ್ಣ ಸಭೆಗಳು ಬೇಕಾದವು ಅಂತಾಯಿತಲ್ವಾ? ಈಗಾಗಲೇ ಇರುವ ಸಣ್ಣ ಸಭೆಯನ್ನು ಮುಚ್ಚಿ ತಾವು ಅದನ್ನೇ ಆ ಮಾದರಿ ಎನ್ನುತ್ತಿದ್ದೀರಿ. ಅದೇ ಸಭೆಯ ಸ್ಥಾಪಕ ಪಾಸ್ಟರ್‌ಗೆ ಸಭೆಯ ಹಣದ ವಿಚಾರದಲ್ಲಿ 2014ರಲ್ಲಿ ಅಲ್ಲಿನ ನ್ಯಾಯಾಲಯ ಶಿಕ್ಷೆ ವಿಧಿಸಿತು ಎಂಬುದೂ ಆ ಮಾದರಿಯ ಜೊತೆಗೇ ಬರುವ ಪಾಠ. ದುಡ್ಡು, ಅಧಿಕಾರ ಒಂದೇ ಕಡೆ ರಾಶಿ ಬಿದ್ದಾಗ ಕೇಳುವವರು ಕಡಿಮೆಯಾಗುತ್ತಾರೆ.

ಈಗ ನನ್ನ ಕೋರಿಕೆ.

ಮೊದಲು ಆ ಸುತ್ತೋಲೆಯನ್ನು ತಡೆಹಿಡಿಯಿರಿ. ಲಿಸ್ಟಿನಲ್ಲಿರುವ ಪ್ರತಿ ಸಭೆಯ ಜನರನ್ನು ಅವರ ಊರಿನಲ್ಲೇ, ಅವರ ದೇವಾಲಯದಲ್ಲೇ ಕೂರಿಸಿಕೊಂಡು ಕೇಳಿದ ಮೇಲೆ ತೀರ್ಮಾನಕ್ಕೆ ಬನ್ನಿ. ಸೇರಿಕೊಳ್ಳುತ್ತೇವೆ ಎಂದು ಅವರಾಗಿ ಹೇಳಿದರೆ ಯಾರದೂ ಅಡ್ಡಿಯಿಲ್ಲ. ಅಂಥ ಸಭೆಗಳೂ ಇರಬಹುದು.

ಸಭಾಪಾಲಕರ ಕೊರತೆಗೆ ದಾರಿ ಇಲ್ಲದಿಲ್ಲ. ಕರ್ತನ ಭೋಜನ, ಅಂದರೆ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ, ನಡೆಸಲು ದೀಕ್ಷೆ ಪಡೆದ ಅಯ್ಯನವರೇ ಬೇಕು, ಸರಿ. ನಗರದ ದೊಡ್ಡ ಸಭೆಗಳಲ್ಲಿ ಒಂದೇ ಕಡೆ ಮೂರು ನಾಲ್ಕು ಜನ ಇದ್ದಾರೆ. ತಿಂಗಳಿಗೊಂದು ಭಾನುವಾರ ಅವರಲ್ಲೊಬ್ಬರು ಸರದಿ ಪ್ರಕಾರ ಹಳ್ಳಿಗೆ ಬರಲಿ. ಉಳಿದ ಭಾನುವಾರ ಆರಾಧನೆ ನಡೆಸಲು ಊರಿನವರಿಗೇ ತರಬೇತಿ ಕೊಟ್ಟು ಅಧಿಕಾರ ಪತ್ರ ಕೊಡಿ. ಹೆಂಗಸರನ್ನು ಬಿಡಬೇಡಿ, ಹೇಗಿದ್ದರೂ ನಡೆಸುತ್ತಿರುವವರು ಅವರೇ. ನಗರದ ಅಯ್ಯನವರಿಗೂ ಇದರಿಂದ ಒಳ್ಳೆಯದಾಗುತ್ತದೆ ಎಂದು ನನ್ನ ಅನಿಸಿಕೆ. ಇಪ್ಪತ್ತು ಜನರ ಮುಂದೆ, ಅದರಲ್ಲಿ ಐವರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರುವಾಗ, ಪ್ರಸಂಗ ಮಾಡುವುದು ಮೈಕ್ ಹಿಡಿದು ಮಾತಾಡಿದಷ್ಟು ಸುಲಭವಲ್ಲ.

ಅಸೆಸ್‌ಮೆಂಟ್ ವಿಷಯ. ಹಳ್ಳಿಯ ಸಭೆ ಬಾಕಿ ಇಟ್ಟದ್ದು ನಿಜ. ಬರಗಾಲದ ವರ್ಷವೂ ಅದೇ ಮೊತ್ತ ಕೇಳಿದ್ದು ಕೂಡ ನಿಜ. ನಮ್ಮಂಥವರು ನಗರದಲ್ಲಿ ಹಾಕುವ ಕಾಣಿಕೆಯಲ್ಲಿ ಒಂದು ಪಾಲು ನಮ್ಮನ್ನು ಬೆಳೆಸಿದ ಸಭೆಗಳ ಹೆಸರಿಗೆ ಜಮೆಯಾಗುವ ಹಾಗೆ ನಿಯಮ ಮಾಡಿ. ಇದನ್ನು ದಾನ ಎಂದು ಬರೆಯಬೇಡಿ, ಹಳೆಯ ಬಾಕಿ ಎಂದು ಬರೆಯಿರಿ. ದೊಡ್ಡ ಸಭೆಯ ಯುವಜನರು ವರ್ಷಕ್ಕೊಮ್ಮೆ ಬಸ್ ಮಾಡಿಕೊಂಡು ಬಂದು, ಬಿಸ್ಕತ್ತು ಹಂಚಿ, ಫೋಟೋ ತೆಗೆದುಕೊಂಡು ಹೋಗುವುದನ್ನು ಸಹಭಾಗಿತ್ವ ಎನ್ನುವುದನ್ನೂ ಬಿಡೋಣ. ಬಂದರೆ ಎರಡು ದಿನ ಇರಲಿ. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳಲಿ, ಅವರ ಹಾಡು ಕಲಿತು ಹೋಗಲಿ.

ಸಭಾ ರಿಜಿಸ್ಟರ್ ಈ ತಿಂಗಳಲ್ಲೇ ನಮ್ಮೂರಿಗೆ ವಾಪಸ್ ಬರಬೇಕು. ಇದಕ್ಕೆ ಕಮಿಟಿಯೂ ಬೇಡ, ಠರಾವೂ ಬೇಡ. ಸಮಾಧಿಯ ಒಪ್ಪಿಗೆ ಕೊಡುವ ಅಧಿಕಾರ ಊರಿನ ಹಿರಿಯರಿಗೇ ಇರಲಿ.

ಕೊನೆಯದಾಗಿ ಜಾಗದ ಮಾತು. ಆರಾಧನೆ ನಿಂತ ದೇವಾಲಯಕ್ಕೆ ಮೊದಲು ಬೀಗ ಬೀಳುತ್ತದೆ, ಆಮೇಲೆ ಕಾಂಪೌಂಡ್ ಬೀಳುತ್ತದೆ, ಆಮೇಲೆ ಯಾರೋ ಲೀಸಿನ ಕಾಗದ ಹಿಡಿದು ಬರುತ್ತಾರೆ. ಲಿಸ್ಟಿನಲ್ಲಿರುವ ಸಭೆಗಳ ಪೈಕಿ ರಸ್ತೆ ಪಕ್ಕದ ಜಾಗ ಇರುವವೇ ಜಾಸ್ತಿ ಎಂದು ಜನ ಮಾತಾಡಿಕೊಳ್ಳುತ್ತಿದ್ದಾರೆ. ಇದು ಬರೀ ಗಾಳಿಮಾತು ಎಂದೇ ನಾನು ನಂಬಬಯಸುತ್ತೇನೆ. ನಂಬಿಸುವುದು ತಮ್ಮ ಕೈಯಲ್ಲಿದೆ. ವಿಲೀನವಾದ ಯಾವ ಸಭೆಯ ಜಾಗವನ್ನೂ ಮಾರುವುದಿಲ್ಲ, ಲೀಸಿಗೆ ಕೊಡುವುದಿಲ್ಲ ಎಂದು ಲಿಖಿತವಾಗಿ ಪ್ರಕಟಿಸಿ.

ಮುಂದಿನ ಕಾರ್ಯಕಾರಿ ಸಮಿತಿಗೆ ಮುಂಚೆ ತಾವು ಒಂದು ಭಾನುವಾರ ನಮ್ಮೂರಿಗೆ ಬರಬೇಕೆಂದು ಸಭೆಯವರ ಪರವಾಗಿ ಕೇಳಿಕೊಳ್ಳುತ್ತೇನೆ. ಆರಾಧನೆ ಹತ್ತೂವರೆಗೆ. ಹಾರ, ಬ್ಯಾಂಡು ಏನೂ ಇರುವುದಿಲ್ಲ, ಊಟ ಇರುತ್ತದೆ. ಆಗದಿದ್ದರೆ ಈ ಪತ್ರಕ್ಕೆ ಉತ್ತರವನ್ನು ನನಗಲ್ಲ, ಎರಡು ಮನವಿ ಕೊಟ್ಟು ಕಾಯುತ್ತಿರುವ ನಮ್ಮ ಸಭಾ ಹಿರಿಯರ ಹೆಸರಿಗೆ ಕಳಿಸಿ. ವಿಳಾಸ ತಮ್ಮ ಕಚೇರಿಯ ಫೈಲಿನಲ್ಲಿದೆ.

ಇಂತಿ ತಮ್ಮ ವಿಧೇಯಳು,
ಹಳ್ಳಿಯಲ್ಲಿ ಬೆಳೆದ, ನಗರದಲ್ಲಿರುವ ಒಬ್ಬ ಸಭಾ ಸದಸ್ಯೆ